ಯಾವ ಕಡಿಯವರು ನೀವು?

ನಮ್ಮ ಮನೆಯಲ್ಲಿ ಒಂದು ಇಂಗ್ಲಿಷ್ ಪದ ಬಂದು ಕೂತು ವರ್ಷದ ಮೇಲಾಯಿತು. ಇಂಗ್ಲಿಷ್ ಪದಗಳು ನಮಗೇನೂ ಹೊಸವಲ್ಲ. ಅಕ್ಕನಿಗೆ ಬಿಪಿ ಇದೆ, ಭಾವನಿಗೆ ಶುಗರ್ ಇದೆ, ಅವರ ಹೊಲದ ಮೇಲೆ ಲೋನ್ ಇದೆ. ಆದರೆ ಇದು ಬೇರೆ ಥರದ್ದು. ಅಕ್ಕನ ಮಗಳು ತನ್ನ ಅಪ್ಪನಿಗೆ ಎದುರಿಗೇ ‘ಅಪ್ಪಾ, ನೀ ರೇಸಿಸ್ಟ್ ಆಗೀದಿ’ ಅಂದಳು. ಅಂದಿದ್ದು ಮಾಣಿಕನಗರದಲ್ಲಿ, 2024ರ ದತ್ತ ಜಯಂತಿಯ ಹೊತ್ತಿನಲ್ಲಿ, ಪ್ರಸಾದದ ಪಂಗತಿಗೆ ಕಾಯುತ್ತ ನಿಂತಾಗ. ಆಮೇಲೆ ಅಪ್ಪ-ಮಗಳ ನಡುವಿನ ಮಾತೆಲ್ಲ ಅಕ್ಕನ ಮೂಲಕ, ಇಲ್ಲವೇ ನನ್ನ ಮೂಲಕ ಹರಿಯತೊಡಗಿತು. ನಡುವೆ ನಿಂತವನಿಗೆ ಎರಡೂ ಕಡೆಯ ಮಾತು ಪೂರ್ತಿ ಕೇಳಿಸುತ್ತದೆ ಅನ್ನುವುದೊಂದೇ ಲಾಭ.

ಮಾಣಿಕನಗರ ಗೊತ್ತಿಲ್ಲದವರಿಗೆ ಎರಡು ಮಾತು. ಬೀದರ ಜಿಲ್ಲೆಯ ಹುಮನಾಬಾದಿಗೆ ಅಂಟಿಕೊಂಡೇ ಇರುವ ಊರು. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆ ನಿಂತು 1865ರಲ್ಲಿ ಸಮಾಧಿಯಾದರು. ಅವರದು ಸಕಲಮತ ಸಂಪ್ರದಾಯ. ಯಾವ ಮತವೂ ಸುಳ್ಳಲ್ಲ, ಯಾರನ್ನೂ ‘ನೀನು ಯಾವ ಮತದವನು’ ಅಂತ ಕೇಳುವ ಕಾರಣವಿಲ್ಲ ಅನ್ನುವುದು ಅದರ ತಿರುಳು. ಹುಟ್ಟಿದ ತಿಥಿ ಮಾರ್ಗಶಿರದ ಹುಣ್ಣಿಮೆ, ಸಮಾಧಿ ಅದೇ ಮಾಸದ ಏಕಾದಶಿ. ಹಾಗಾಗಿ ಆ ಆರೇಳು ದಿನ ಊರು ತುಂಬಿ ತುಳುಕುತ್ತದೆ. ಸೊಲ್ಲಾಪುರ, ಪುಣೆ, ಹೈದರಾಬಾದ್ ಕಡೆಯಿಂದ ಭಕ್ತರು ಬರುತ್ತಾರೆ. ಸಾಲಿನಲ್ಲಿ ನಿಂತರೆ ಮುಂದಿನವರು ಮರಾಠಿ, ಹಿಂದಿನವರು ತೆಲುಗು, ಪಕ್ಕದವರು ನಮ್ಮ ದಖನಿ. ದುಡಿಯಲಿಕ್ಕೆ ಹೋದವರೂ ಆಗಲೇ ಊರಿಗೆ ಬರುತ್ತಾರೆ. ನಮ್ಮ ಭಾವ ಬರುವುದೂ ವರ್ಷಕ್ಕೆ ಎರಡೇ ಸಲ, ಕಾರಹುಣ್ಣಿಮೆಗೊಮ್ಮೆ, ದತ್ತ ಜಯಂತಿಗೊಮ್ಮೆ.

ಭಾವ ಮೇಸ್ತ್ರಿ. ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟವರು. ಮೊದಲು ಹೈದರಾಬಾದ್, ಆಮೇಲೆ ಪುಣೆ, ಈಗ ಇಪ್ಪತ್ತು ವರ್ಷದಿಂದ ಬೆಂಗಳೂರು. ಹುಮನಾಬಾದ್, ಚಿಂಚೋಳಿ, ಆಳಂದ ಕಡೆಯ ಹದಿನೈದಿಪ್ಪತ್ತು ಜನರ ಗ್ಯಾಂಗು ಕಟ್ಟಿಕೊಂಡು ಪ್ಲಾಸ್ಟರ್ ಕೆಲಸ ಹಿಡಿಯುತ್ತಾರೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಎದ್ದು ನಿಂತಿರುವ ಎತ್ತರದ ಕಟ್ಟಡಗಳಲ್ಲಿ ಎಷ್ಟರ ಒಳಗೋಡೆ ಅವರ ಕೈಯಲ್ಲಿ ನುಣುಪಾಗಿದೆಯೋ ಅವರಿಗೇ ಲೆಕ್ಕವಿಲ್ಲ. ಮಗಳು ಅದೇ ಊರಿನಲ್ಲಿ ಓದುತ್ತಾಳೆ. ಹಾಸ್ಟೆಲ್ಲಿಗೂ ಅಪ್ಪನ ತಗಡಿನ ಶೆಡ್ಡಿಗೂ ನಡುವೆ ಎರಡು ಬಸ್ಸಿನ ದೂರ.

ಆ ದಿನ ಸಾಲಿನಲ್ಲಿ ಮಾತು ಶುರುವಾಗಿದ್ದು ರೇಟಿನಿಂದ. ‘ನಾ ಚದರಡಿಗಿ 22 ರೂಪಾಯಿ ಹೇಳಿದೆ. ಕಂತ್ರಾಟದಾರ ನಕ್ಕ. ಬಂಗಾಳಿ ಹುಡುಗರು 15ಕ್ಕ ಮಾಡ್ತಾರ, ನೀ ಬ್ಯಾರೆ ಕಡಿ ನೋಡ್ಕೋ ಅಂದ,’ ಅಂದರು ಭಾವ. ಅಲ್ಲಿಂದ ಮಾತು ಮುಂದೆ ಹೋಯಿತು. ಅವರೆಲ್ಲ ಮಾಲ್ದಾ, ಮುರ್ಶಿದಾಬಾದ್ ಅಂತ ಹೇಳುತ್ತಾರೆ, ಆದರೆ ಬಾಂಗ್ಲಾದೇಶದವರು, ಹಿಡಿದು ಗಡಿ ದಾಟಿಸಬೇಕು, ಸರಕಾರ ಮಲಗಿದೆ. ಅಷ್ಟಕ್ಕೇ ನಿಂತಿದ್ದರೆ ಮಗಳು ಸುಮ್ಮನಿರುತ್ತಿದ್ದಳೋ ಏನೋ. ಮುಂದೆ ಅವರ ಊಟದ ಬಗ್ಗೆ, ಮೀನಿನ ವಾಸನೆಯ ಬಗ್ಗೆ, ಒಂದು ಕೋಣೆಯಲ್ಲಿ ಹತ್ತು ಜನ ಮಲಗುವುದರ ಬಗ್ಗೆ, ‘ಅವ್ರು ಮನಷ್ಯಾರ ಗತೆ ಇರೂದೇ ಇಲ್ಲ’ ಎಂಬ ಮಾತೂ ಬಂತು. ಆಗ ಹುಡುಗಿ ಆ ಪದ ಎಸೆದಳು.

ಭಾವ ನನ್ನ ಕಡೆ ತಿರುಗಿ, ‘ಹಂಗಂದ್ರ ಏನೋ?’ ಅಂದರು. ಹುಟ್ಟು, ಬಣ್ಣ, ಮುಖ ನೋಡಿ ಒಂದು ಇಡೀ ಜನರನ್ನೇ ಕೀಳು ಅಂತ ತೀರ್ಮಾನಿಸುವವರು ಅಂತ ಹೇಳಿದೆ. ಭಾವ ತಮ್ಮ ಮೊಳಕೈ ಮುಂದೆ ಚಾಚಿದರು. ‘ನೋಡು ಬಣ್ಣ. ನಾನೂ ಕರಿಯಾಂವ, ಅವ್ರೂ ಕರಿಯರು. ಇದ್ರಾಗ ಎಲ್ಲಿ ರೇಸು, ಕುದುರಿ ರೇಸೇನು?’ ಸುತ್ತ ನಿಂತವರು ನಕ್ಕರು. ಮಗಳು ನಗಲಿಲ್ಲ. ಆಗ ಭಾವ ಅಂದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ‘ನಮ್ಮವರು ಯಾರು, ಹೊರಗಿನವರು ಯಾರು ಅಂತ ಕೇಳೂದು ತಪ್ಪಂದ್ರ, ನಿನಗ ಸೀಟ್ ಹೆಂಗ ಸಿಕ್ತವ್ವ?’

ಅವಳ ಸೀಟು 371(ಜೆ) ಮೀಸಲಾತಿಯದು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಕಲಂ ಅದು. ಆಗಿನ ಹೈದರಾಬಾದ್ ಕರ್ನಾಟಕ, 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಸಿಕೊಳ್ಳುವ ಜಿಲ್ಲೆಗಳ ಸ್ಥಳೀಯರಿಗೆ ಓದಿನಲ್ಲಿ, ನೌಕರಿಯಲ್ಲಿ ಪಾಲು. ಆದರೆ ‘ನಾನು ಇಲ್ಲಿಯವನು’ ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಪ್ರಮಾಣಪತ್ರ ಬೇಕು. ಅದಕ್ಕಾಗಿ ಶಾಲೆಯ ದಾಖಲೆ, ತಂದೆಯ ದಾಖಲೆ, ವಾಸದ ದಾಖಲೆ, ಅಫಿಡವಿಟ್ ಹಿಡಿದುಕೊಂಡು ಅಲೆಯಬೇಕು. ಅವಳ ಕಾಗದಕ್ಕಾಗಿ ನಾನೇ ನಾಲ್ಕು ಸಲ ಹೋಗಿ ಬಂದೆ. ಭಾವನ ಹೆಸರು ಒಂದು ಕಡೆ ಶರಣಪ್ಪನ ಪೂರ್ಣ ರೂಪದಲ್ಲಿ, ಇನ್ನೊಂದು ಕಡೆ ಅರ್ಧ ರೂಪದಲ್ಲಿ ಇತ್ತು. ಹುಟ್ಟಿದ ತಾರೀಖು ಜೂನ್ ಒಂದು. ಹೆಡ್ ಮಾಸ್ತರು ಬರೆದಿದ್ದು. ನಮ್ಮ ತಲೆಮಾರಿನ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೇ. ಹೊಲ, ಮನೆ, ಅಜ್ಜನ ಸಮಾಧಿ ಎಲ್ಲ ಕಣ್ಣೆದುರಿಗೇ ಇರುವ ಊರಿನಲ್ಲಿ ನಾವು ಇಲ್ಲಿಯವರು ಎಂದು ತೋರಿಸಲಿಕ್ಕೆ ಇಷ್ಟು ಕಷ್ಟವಾಯಿತು.

ಹಾಗೆ ನೋಡಿದರೆ ಈ ಪ್ರಶ್ನೆ ನಮ್ಮ ನೆಲದಲ್ಲಿ ಹಳೆಯದು. ಬೀದರ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿ ಮುಲ್ಕಿ ಎಂಬ ನಿಯಮ. 1919ರ ಫರ್ಮಾನಿನ ಪ್ರಕಾರ ಸರಕಾರಿ ನೌಕರಿ ಬೇಕೆಂದರೆ ಮುಲ್ಕಿಯಾಗಿರಬೇಕು, ಹೊರಗಿನಿಂದ ಬಂದವರಾದರೆ ಹದಿನೈದು ವರ್ಷ ಇಲ್ಲಿ ವಾಸವಿದ್ದಿರಬೇಕು. ಉಳಿದವರು ಗೈರ್ ಮುಲ್ಕಿ. ಸಂಸ್ಥಾನ ಹೋದ ಮೇಲೂ ಆ ಪದ ಹೋಗಲಿಲ್ಲ. ಮದ್ರಾಸ್ ಕಡೆಯವರು ಬಂದು ನಮ್ಮ ನೌಕರಿ ಹಿಡಿಯುತ್ತಿದ್ದಾರೆ ಎಂದು 1952ರಲ್ಲಿ ಹೈದರಾಬಾದಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರಿನಲ್ಲಿ ಸತ್ತರು. ಆಮೇಲೆ 1956ರ ನವೆಂಬರ್ ಒಂದಕ್ಕೆ ನಮ್ಮ ಜಿಲ್ಲೆಯನ್ನೇ ಮೂರು ಪಾಲು ಮಾಡಿದರು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉದಗೀರ, ನಿಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ, ಉಳಿದದ್ದು ಮೈಸೂರಿಗೆ. ನಮ್ಮ ದೊಡ್ಡಮ್ಮನನ್ನು ಕೊಟ್ಟಿದ್ದು ಉದಗೀರಕ್ಕೆ. ಅಜ್ಜಿ ಹೇಳುತ್ತಿದ್ದಳು: ‘ಆಕಿ ಇದ್ದಲ್ಲೇ ಇದ್ಲು, ಮುಂಬೈ ಸರ್ಕಾರ ಬಂದು ಆಕೀನ್ನ ಒಯ್ತು.’

ಅದೇ ಅಜ್ಜಿ ಗಡಿ ದಾಟಿದವಳು. 1948ರ ಬೇಸಿಗೆಯಲ್ಲಿ ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದ ಸುದ್ದಿ ಹಬ್ಬಿದಾಗ ನಮ್ಮ ಮನೆಯವರು ರಾತ್ರೋರಾತ್ರಿ ಎತ್ತಿನಗಾಡಿ ಕಟ್ಟಿ ಸೊಲ್ಲಾಪುರದ ಕಡೆ ಹೊರಟರು. ಆಗ ಅದು ಊರಿನಿಂದ ಊರಿಗೆ ಹೋದ ಹಾಗಲ್ಲ. ನಿಜಾಮರು ತಮ್ಮದು ಸ್ವತಂತ್ರ ದೇಶ ಅನ್ನುತ್ತಿದ್ದರು, ಆ ಕಡೆ ಭಾರತ. ಕಾಗದ ಇರಲಿಲ್ಲ, ಕೇಳಿದವರೂ ಇರಲಿಲ್ಲ. ಅಜ್ಜಿ ಸೊಲ್ಲಾಪುರದಲ್ಲಿ ಯಾರದೋ ಮನೆಯ ಹಿತ್ತಲಲ್ಲಿ ನಾಲ್ಕು ತಿಂಗಳು ಬೀಡಿ ಕಟ್ಟಿದಳು, ಅಲ್ಲಿನ ಹೆಂಗಸರಿಗಿಂತ ಕಡಿಮೆ ಕೂಲಿಗೆ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಇವರು ಮರಳಿ ಬರುವ ಹೊತ್ತಿಗೆ, ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಕೊಲೆಗಳು ನಡೆದಿದ್ದವು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಈ ನಾಲ್ಕು ಜಿಲ್ಲೆಗಳನ್ನೇ ಅತಿ ಹೆಚ್ಚು ನೊಂದವು ಎಂದು ಹೆಸರಿಸಿತ್ತು. ಬರುವ ದಾರಿಯಲ್ಲಿ ಎದುರಿನಿಂದ ಗಂಟುಮೂಟೆ ಹೊತ್ತವರು ಬರುತ್ತಿದ್ದರಂತೆ. ‘ಅವ್ರು ನಮ್ಮನ್ನ ನೋಡ್ಲಿಲ್ಲ, ನಾವು ಅವ್ರನ್ನ ನೋಡ್ಲಿಲ್ಲ’ ಅನ್ನುತ್ತಿದ್ದಳು ಅಜ್ಜಿ. ಈ ಕಥೆ ಭಾವನಿಗೂ ಗೊತ್ತು. ಅವರ ವಾದ: ‘ಜೀವಕ್ಕ ಹೆದ್ರಿ ಬರೂದು ಬ್ಯಾರೆ, ರೊಕ್ಕಕ್ಕ ಬರೂದು ಬ್ಯಾರೆ.’ ಕಾನೂನಿನ ಪುಸ್ತಕಗಳೂ ನಿರಾಶ್ರಿತ ಬೇರೆ, ವಲಸಿಗ ಬೇರೆ ಅನ್ನುತ್ತವೆ. ಹಸಿವಿಗೆ ಹೆದರಿ ಬಂದವನನ್ನು ಯಾವ ಕಡೆ ಹಾಕಬೇಕು ಅನ್ನುವುದೇ ತಕರಾರು.

ಮಗಳ ವಾದಕ್ಕೆ ಬರೋಣ. ಅವಳ ಹತ್ತಿರ ಒಂದು ಗಟ್ಟಿ ಉದಾಹರಣೆ ಇತ್ತು, ಅದೂ ಅವಳ ಅಪ್ಪನ ಶೆಡ್ಡಿನಿಂದ ಬಹಳ ದೂರವಿಲ್ಲದ ಜಾಗದ್ದು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಜೆಸಿಬಿ ತಂದು ನೆಲಸಮ ಮಾಡಿದರು. ಅದಕ್ಕೆ ಕೆಲವೇ ದಿನ ಮೊದಲು ಮಹದೇವಪುರದ ಆಗಿನ ಶಾಸಕ ಅರವಿಂದ ಲಿಂಬಾವಳಿ ಆ ಗುಡಿಸಲುಗಳ ವಿಡಿಯೊ ಹಂಚಿಕೊಂಡು, ಅಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಇರಬಹುದೆಂಬ ಶಂಕೆ ಹೇಳಿದ್ದರು. ಗುಡಿಸಲಿನಿಂದ ಹೊರಬಿದ್ದವರು ಒಬ್ಬೊಬ್ಬರಾಗಿ ಪತ್ರಕರ್ತರ ಮುಂದೆ ಕಾಗದ ಹಿಡಿದು ನಿಂತರು: ಆಧಾರ್, ವೋಟರ್ ಕಾರ್ಡು, ಪ್ಯಾನ್ ಕಾರ್ಡು. ಅಸ್ಸಾಮಿನವರು, ತ್ರಿಪುರಾದವರು, ಬಂಗಾಳದವರು. ಜೊತೆಗೆ ಉತ್ತರ ಕರ್ನಾಟಕದವರು. ಅಂದರೆ ನಾವು. ಮಹಾನಗರ ಪಾಲಿಕೆಯ ಮೇಲಿನವರು ಇದು ತಮ್ಮ ಆದೇಶವಲ್ಲ ಅಂದರು. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ತೆರವಿಗೆ ತಡೆ ಕೊಟ್ಟಿತು; ಶಂಕೆಯ ಮೇಲೆ ಒಂದು ಇಡೀ ವಸತಿಯನ್ನು ಎಬ್ಬಿಸಲು ಪೊಲೀಸರಿಗೆ ಅಧಿಕಾರ ಎಲ್ಲಿಂದ ಬಂತು ಎಂದು ಕಟುವಾಗಿಯೇ ಕೇಳಿತು.

ಕನ್ನಡದವರ ಗುಡಿಸಲು ಬಾಂಗ್ಲಾದೇಶದವರದಾಗಿ ಕಂಡದ್ದು ಹೇಗೆ? ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ತಗಡು, ನೀಲಿ ಪ್ಲಾಸ್ಟಿಕ್ಕು, ಪ್ಲೈವುಡ್ ತುಂಡು, ಹೊರಗೆ ಒಂದು ಡ್ರಮ್ಮು ನೀರು. ಈ ಮನೆಗೆ ಯಾವ ರಾಜ್ಯದ ಗುರುತೂ ಇಲ್ಲ. ದೂರದಿಂದ ನೋಡುವವರಿಗೆ ಬಡತನವೇ ಒಂದು ಪರದೇಶ. ಮೇಲೆ ನಮ್ಮ ಮಾತು ಬೇರೆ. ಬೀದರದ ಕನ್ನಡದಲ್ಲಿ ಮರಾಠಿ, ಉರ್ದು ಎಷ್ಟು ಕಲೆತಿದೆಯೆಂದರೆ ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಒಬ್ಬ ಮಾಲೀಕರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ‘ಕನ್ನಡ ಚೆನ್ನಾಗಿ ಕಲ್ತಿದ್ದೀರಲ್ಲ, ಯಾವ ಕಡೆಯವರು ನೀವು?’ ಎಂದು ಮೆಚ್ಚಿಕೊಂಡಿದ್ದರು. ಭಾವನ ಗ್ಯಾಂಗಿನಲ್ಲಿ ಇಬ್ಬರು ಚಿಟಗುಪ್ಪಾದ ಹುಡುಗರಿದ್ದಾರೆ, ಮನೆಮಾತು ದಖನಿ. ಶೆಡ್ಡಿಗೆ ಯಾರಾದರೂ ವಿಚಾರಣೆಗೆ ಬಂದರೆ ಭಾವ ಆ ಇಬ್ಬರನ್ನು ಮುಂದೆ ಮಾಡುವುದಿಲ್ಲ, ತಾವೇ ಮಾತಾಡುತ್ತಾರೆ. ಯಾಕೆ ಅಂತ ಮಗಳು ಕೇಳಿದಾಗ, ‘ಸುಮ್ನ ತ್ರಾಸ್ ಯಾಕಂತ’ ಅಂದರು. ಆ ತ್ರಾಸು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಂಗಾಳದ ಹುಡುಗರ ವಿಷಯ ಬಂದಾಗ ಅದು ನೆನಪಿಗೆ ಬರುವುದಿಲ್ಲ.

ನಮ್ಮ ಕಾಯ್ದೆಯಲ್ಲಿ ಒಂದು ವಿಚಿತ್ರವಿದೆ. ಕಳವಿನ ಆರೋಪ ಬಂದರೆ ಕದ್ದದ್ದನ್ನು ಸರಕಾರ ತೋರಿಸಬೇಕು. ವಿದೇಶಿ ಎಂಬ ಆರೋಪ ಬಂದರೆ ಅಲ್ಲವೆಂದು ನೀವು ತೋರಿಸಬೇಕು. 1946ರ ವಿದೇಶಿಯರ ಕಾಯ್ದೆಯ 9ನೇ ಕಲಂನಲ್ಲಿ ಬ್ರಿಟಿಷರು ಬರೆದಿಟ್ಟ ಈ ಭಾರ, 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಹಾಗೇ ಉಳಿದಿದೆ. ಜೂನ್ ಒಂದಕ್ಕೆ ಹುಟ್ಟಿದ ಜನ ಇದನ್ನು ಹೇಗೆ ಹೊರುತ್ತಾರೆ? ಅಸ್ಸಾಮಿನಲ್ಲಿ 2019ರ ಆಗಸ್ಟ್ 31ಕ್ಕೆ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಗಂಡ ಒಳಗೆ ಹೆಂಡತಿ ಹೊರಗೆ, ಅಣ್ಣ ಒಳಗೆ ತಮ್ಮ ಹೊರಗೆ. 2025ರಲ್ಲಿ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ತಳ್ಳಿದರು. ಸುಪ್ರೀಂ ಕೋರ್ಟಿನವರೆಗೆ ಹೋಗಿ ಅವಳು ಮರಳಿ ಬಂದದ್ದು ಡಿಸೆಂಬರಿನಲ್ಲಿ. ನಮ್ಮ ರಾಜ್ಯದಲ್ಲೂ ನೆಲಮಂಗಲದ ಹತ್ತಿರ ಸೊಂಡೇಕೊಪ್ಪದಲ್ಲಿ ಅಕ್ರಮ ವಿದೇಶಿಯರನ್ನು ಇಡುವ ಕೇಂದ್ರವಿದೆ. ಒಂದು ಕಾಲಕ್ಕೆ ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ. ನಮ್ಮಂಥವರ ಮಕ್ಕಳು ಟ್ರಂಕು ಇಟ್ಟುಕೊಂಡು ಓದುತ್ತಿದ್ದಂಥ ಕಟ್ಟಡಕ್ಕೆ ಕಾವಲು ಗೋಪುರ ಬಂತು.

ಇಷ್ಟೆಲ್ಲ ಓದಿದರೆ ನಾನು ಮಗಳ ಪರ ಅನ್ನಿಸಬಹುದು. ಪೂರ್ತಿ ಅಲ್ಲ. ಅಕ್ರಮವಾಗಿ ಬಂದವರು ಯಾರೂ ಇಲ್ಲ, ಎಲ್ಲ ಕಟ್ಟುಕಥೆ ಎಂದು ಅವಳ ಹಾಸ್ಟೆಲ್ ಗೆಳತಿಯರು ಹೇಳುತ್ತಾರೆ. ಇದ್ದಾರೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಮಮೂರ್ತಿನಗರದಲ್ಲಿ ನಡೆದ ಅತ್ಯಾಚಾರ ಪ್ರಕರಣ ನೆನಪಿರಬಹುದು. ಶಿಕ್ಷೆಯಾದವರಲ್ಲಿ ಬಹುತೇಕರು ಕಾಗದವಿಲ್ಲದೆ ಬಂದ ಬಾಂಗ್ಲಾದೇಶಿಗಳು. ಭಾವ ಅದನ್ನು ಎತ್ತಿ ಹೇಳಿದರು, ತಪ್ಪಲ್ಲ. ಆದರೆ ಹಲ್ಲೆಗೆ ಒಳಗಾದ ಹೆಣ್ಣೂ ಅದೇ ದಾರಿಯಲ್ಲಿ ಕಳ್ಳಸಾಗಣೆಯಾಗಿ ಬಂದವಳು. ವಿಡಿಯೊ ಹರಿದಾಡಿ ಅಸ್ಸಾಮಿನ ಪೊಲೀಸರ ಕಣ್ಣಿಗೆ ಬೀಳುವವರೆಗೆ ಬೆಂಗಳೂರಿಗೇ ಸುದ್ದಿ ಗೊತ್ತಿರಲಿಲ್ಲ. ಅಂಥವಳು ಠಾಣೆಯ ಮೆಟ್ಟಿಲು ಹತ್ತುವುದು ಹೇಗೆ?

ರೇಟಿನ ವಿಷಯದಲ್ಲಂತೂ ಭಾವನ ಮಾತು ನಿಜ. ಏಳು ರೂಪಾಯಿಯ ಅಂತರ ಯಾರ ತಟ್ಟೆಯಿಂದ ಹೋಯಿತು? ಕಾರಿಡಾರಿನಲ್ಲಿ ಕಾಫಿ ಹಿಡಿದು ವಲಸಿಗರ ಹಕ್ಕಿನ ಬಗ್ಗೆ ಮಾತಾಡುವವರ ತಟ್ಟೆಯಿಂದಲ್ಲ. ಬಂಗಾಳದ ಹುಡುಗರು ಬಂದದ್ದರಿಂದ ಅಪಾರ್ಟ್‌ಮೆಂಟಿನವರಿಗೆ ಅಡುಗೆಯವರು ಅಗ್ಗವಾದರು, ಕಸ ಹೊರುವವರು ಅಗ್ಗವಾದರು. ಭಾವನಿಗೆ ಮಾತ್ರ ಕೆಲಸ ಹೋಯಿತು. ಆ ನಷ್ಟವನ್ನು ಹೇಳಿಕೊಂಡದ್ದಕ್ಕೆ ‘ರೇಸಿಸ್ಟ್’ ಅನ್ನಿಸಿಕೊಳ್ಳುವುದು ಅವರಿಗೆ ಗಾಯದ ಮೇಲೆ ಸುಣ್ಣ ಹಚ್ಚಿದ ಹಾಗಾಯಿತು. ನನ್ನ ಎಣಿಕೆಯಲ್ಲಿ ಭಾವ ಆ ದಿನ ಎರಡು ಮಾತು ಆಡಿದರು. ರೇಟು ಬಿತ್ತು ಅನ್ನುವುದೊಂದು; ಅವರು ಮನುಷ್ಯರ ಹಾಗೆ ಇರುವುದಿಲ್ಲ ಅನ್ನುವುದಿನ್ನೊಂದು. ಎರಡನೆಯದಕ್ಕೆ ಮಗಳ ಪದ ಸರಿಯಾಗಿಯೇ ಸಲ್ಲುತ್ತದೆ, ಭಾವನಿಗೆ ಎಷ್ಟೇ ನೋವಾಗಲಿ. ಮೊದಲನೆಯದಕ್ಕೆ ಸಲ್ಲುವುದಿಲ್ಲ. ಅವಳು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದಳು, ಭಾವ ಎರಡನ್ನೂ ಒಂದೇ ಉಸಿರಿನಲ್ಲಿ ಆಡಿದ್ದರಿಂದ.

ಆ ಪದವೇ ಬೇಡ ಎನ್ನುವವರೂ ಇದ್ದಾರೆ, ಅದನ್ನೂ ಒಪ್ಪಲಾರೆ. 2016ರ ಜನವರಿ 31ರಂದು ಹೆಸರಘಟ್ಟದ ಹತ್ತಿರ ಸುಡಾನಿನ ಒಬ್ಬನ ಕಾರು ಒಬ್ಬ ಮಹಿಳೆಯನ್ನು ಕೊಂದಿತು. ಅರ್ಧ ಗಂಟೆಯ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರು ಸುಟ್ಟಿತು. ಅವಳಿಗೂ ಅಪಘಾತಕ್ಕೂ ಇದ್ದ ಸಂಬಂಧ ಚರ್ಮದ ಬಣ್ಣ ಒಂದೇ. ಆಗಿನ ಗೃಹಸಚಿವ ಜಿ. ಪರಮೇಶ್ವರ ಇದು ಜನಾಂಗೀಯ ಹಲ್ಲೆಯಲ್ಲ ಅಂದರು. ಹಾಗಾದರೆ ಅದಕ್ಕೆ ಬೇರೆ ಯಾವ ಹೆಸರಿದೆಯೋ ನನಗೆ ಹೊಳೆಯುತ್ತಿಲ್ಲ. 2012ರ ಆಗಸ್ಟಿನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರು. ರೈಲ್ವೆಯವರು ವಿಶೇಷ ಗಾಡಿ ಬಿಟ್ಟರು, ಸರಕಾರ ದಿನಕ್ಕೆ ಐದೇ ಎಸ್ಎಂಎಸ್ ಅಂತ ಮಿತಿ ಹಾಕಿತು. ವದಂತಿ ಸುಳ್ಳಾಗಿತ್ತು. ಅದನ್ನು ನಂಬಲಿಕ್ಕೆ ಬೇಕಾದ ದಿನನಿತ್ಯದ ಅನುಭವ ಅವರಿಗೆ ಮೊದಲೇ ಸಿಕ್ಕಿತ್ತು.

ಭಾವನಂಥವರು ಎಲ್ಲ ಕಡೆ ಇದ್ದಾರೆ. ಮಗಳಿಗೆ ನಾನು ಸೀಸರ್ ಚಾವೇಜ್ ಬಗ್ಗೆ ಹೇಳಿದೆ. ಅವಳ ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಬಹುದಾದ ಮನುಷ್ಯ. ಮೆಕ್ಸಿಕೊ ಮೂಲದ ಕುಟುಂಬದಲ್ಲಿ ಅರಿಜೋನಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಕೂಲಿಗಳನ್ನು ಸಂಘಟಿಸಿದಾತ, ಗಾಂಧಿಯನ್ನು ಓದಿ ಉಪವಾಸ ಕೂತಾತ. ಮಾಲೀಕರು ಮುಷ್ಕರ ಮುರಿಯಲು ಗಡಿಯಾಚೆಯಿಂದ ಕಾಗದವಿಲ್ಲದ ಕೂಲಿಗಳನ್ನು ತರುತ್ತಿದ್ದರು. 1974ರಲ್ಲಿ ಇದೇ ಚಾವೇಜರ ಸಂಘ ಅಂಥವರನ್ನು ಹುಡುಕಿ ವಲಸೆ ಇಲಾಖೆಗೆ ತಿಳಿಸುವ ಅಭಿಯಾನ ನಡೆಸಿತು. ಸಂಘದವರೇ ಅರಿಜೋನಾ ಗಡಿಯಲ್ಲಿ ಕಾವಲು ನಿಂತರು. ಹಿಡಿದು ಕೊಟ್ಟವರೂ ಮೆಕ್ಸಿಕೊ ಮೂಲದವರು, ಸಿಕ್ಕವರೂ ಮೆಕ್ಸಿಕೊದವರು. ಸ್ವಂತ ಜನರೇ ಅವರನ್ನು ಬೈದರು. ಆಮೇಲೆ ಸಂಘ ದಾರಿ ಬದಲಿಸಿತು. 1986ರಲ್ಲಿ ಅಮೆರಿಕ ಸುಮಾರು 27 ಲಕ್ಷ ಅಕ್ರಮ ವಲಸಿಗರಿಗೆ ಕಾಗದ ಕೊಟ್ಟ ಕಾನೂನು ಬರುವ ಹೊತ್ತಿಗೆ ಅದರ ಪರ ನಿಂತಿತ್ತು. ಹುಡುಗಿ ಎಲ್ಲ ಕೇಳಿ, ‘ಮಾಮಾ, ಅಪ್ಪಗ ಇದನ್ನ ಹೇಳ್ಬ್ಯಾಡ, ಮೊದಲ್ನೇ ಅರ್ಧಕ್ಕೇ ನಿಲ್ಲಿಸ್ತಾನ’ ಅಂದಳು.

ಹೇಳಿದೆ. ಪೂರ್ತಿ ಹೇಳಿದೆ. ಭಾವ ಬೀಡಿ ಹಚ್ಚಿಕೊಂಡು ಬಹಳ ಹೊತ್ತು ಸುಮ್ಮನಿದ್ದು, ಒಂದು ಮಾತು ಅಂದರು. ‘ಆ ಹುಡುಗ್ರು 15ಕ್ಕ ಯಾಕ ಮಾಡ್ತಾರ ಗೊತ್ತದೇನು? ಅವ್ರ ಹೊಟ್ಟಿ ಸಣ್ಣದಲ್ಲ. ಕಂತ್ರಾಟದಾರ ರೊಕ್ಕ ಕೊಡ್ಲಿಲ್ಲ ಅಂದ್ರ ನಾ ಸ್ಟೇಶನ್ನಿಗಿ ಹೋಗ್ತೀನಿ, ಗದ್ದಲ ಮಾಡ್ತೀನಿ. ಅವ್ರು ಹೋಗ್ಲಾರು. ಅವ್ರಿಗಿ ಹೆದರಿಕಿ ಅದ. ಹೆದರಿಕಿ ಇದ್ದಾಂವ ಅಗ್ಗ.’

ಈ ವಿಷಯದ ಮೇಲೆ ನಾನು ಓದಿದ ಲೇಖನಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದಿಲ್ಲ. ಹಾಗಿದ್ದರೆ ಪ್ರತಿ ಸಲ ‘ಬಾಂಗ್ಲಾದೇಶಿಗಳನ್ನು ಹಿಡಿಯಿರಿ’ ಎಂಬ ಕೂಗು ಎದ್ದಾಗಲೂ ಆ ಹೆದರಿಕೆ ಹೆಚ್ಚುತ್ತದೆ, ಮಾಲ್ದಾದ ಅಸಲಿ ಭಾರತೀಯ ಹುಡುಗನೂ ಅಷ್ಟೇ ಹೆದರುತ್ತಾನೆ, ರೇಟು ಇನ್ನೂ ಇಳಿಯುತ್ತದೆ, ಭಾವನ ಕೆಲಸ ಇನ್ನೂ ದೂರ ಹೋಗುತ್ತದೆ. ಹೊರ ರಾಜ್ಯದ ಕೂಲಿಗೆ ಅದೇ ಕೆಲಸ ಮಾಡುವ ಸ್ಥಳೀಯನಿಗಿಂತ ಕಡಿಮೆ ಕೊಡಕೂಡದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಅದು ಭಾವನನ್ನು ಕಾಪಾಡುವ ಕಾಯ್ದೆ ಕೂಡ. ಗುಡಿಸಲು ಕೆಡವಲು ಜೆಸಿಬಿ ಬರುತ್ತದೆ, ಈ ಕಾಯ್ದೆ ಹಿಡಿದುಕೊಂಡು ಕಂತ್ರಾಟದಾರನ ಬಳಿಗೆ ಹೋದವರನ್ನು ಭಾವ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ನಾನು ಇದನ್ನು ಹೇಳಿದಾಗ ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ‘ಅದೆಲ್ಲ ಖರೇ, ಆದ್ರ ಗಡಿ ಅಂದ್ಮ್ಯಾಲ ಗಡಿ’ ಅಂದರು. ಗಡಿ ಬೇಡ ಎಂದು ನಾನೂ ಹೇಳುವುದಿಲ್ಲ. ದೇಶವೊಂದು ಯಾರು ಬಂದರು ಎಂದು ತಿಳಿದುಕೊಳ್ಳಬೇಕು. ಅದನ್ನು ಕೋರ್ಟು ಮಾಡಲಿ, ಗಡಿಯಲ್ಲಿ ಮಾಡಲಿ. ಶೆಡ್ಡಿನ ಬಾಗಿಲಲ್ಲಿ ನಿಂತು ಲುಂಗಿ, ಗಡ್ಡ, ಮೀನಿನ ವಾಸನೆ ನೋಡಿ ಮಾಡುವುದು ಬೇಡ.

ನಮ್ಮ ಕುಟುಂಬದ ಇನ್ನೊಬ್ಬ ಸದಸ್ಯ ನ್ಯೂಜೆರ್ಸಿಯಲ್ಲಿದ್ದಾನೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರಿಗೆ ಕೈಕೋಳ, ಕಾಲಿಗೆ ಸರಪಳಿ ಹಾಕಿ ಅಮೃತಸರಕ್ಕೆ ತಂದು ಇಳಿಸಿದಾಗ ಅವನು ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಕಾನೂನು ಪ್ರಕಾರ ಬಂದವರಿಗೆ ಹೆದರಿಕೆ ಇಲ್ಲ’ ಎಂದು ಬರೆದ. ಎರಡು ದಿನದ ಮೇಲೆ ಅವನೇ, ಹೊರಗೆ ಹೋಗುವಾಗ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳುತ್ತಿದ್ದೇನೆ ಎಂದೂ ಬರೆದ. ಭಾವ ಎರಡಕ್ಕೂ ಒಂದೇ ಹೆಬ್ಬೆರಳು ಒತ್ತಿದರು.

ಕಲ್ಯಾಣದ ಶರಣರ ಮಾತು ಎತ್ತಬಾರದು ಅಂದುಕೊಂಡಿದ್ದೆ, ಯಾಕೆಂದರೆ ನಮ್ಮ ಕಡೆ ಎಲ್ಲ ವೇದಿಕೆಗಳಲ್ಲೂ ಅದೇ ಬರುತ್ತದೆ. ಆದರೆ ಮಗಳು ಎತ್ತಿದಳು. ಅಪ್ಪನಿಗೆ ಹೇಳು ಮಾಮಾ, ಮರುಳಶಂಕರದೇವರು ಅಫಘಾನಿಸ್ತಾನದಿಂದ ಬಂದರಂತೆ, ಮೋಳಿಗೆ ಮಾರಯ್ಯ ಕಾಶ್ಮೀರದ ರಾಜನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದನಂತೆ, ಬಸವಣ್ಣ ಅವರನ್ನ ಕಾಗದ ಕೇಳಿದನೇನು ಅಂತ. ನಾನು ಹಾಗೇ ಒಪ್ಪಿಸಿದೆ. ಭಾವನ ಉತ್ತರ: ‘ಮಾರಯ್ಯ ಬಂದ್ಮ್ಯಾಲ ಕಲ್ಯಾಣದ ಬಾಕಿ ಕಟ್ಟಿಗಿ ಮಾರೋರ ರೇಟ್ ಏನಾತು ಅಂತ ಯಾರರ ಬರದಾರೇನು, ಕೇಳು.’ ಇದನ್ನು ಅವಳಿಗೆ ಮುಟ್ಟಿಸಿದಾಗ, ಆ ವರ್ಷದಲ್ಲಿ ಮೊದಲ ಸಲ, ಅವಳು ಅಪ್ಪನ ಮಾತಿಗೆ ನಕ್ಕಳು.

ಕಳೆದ ತಿಂಗಳು ಭಾವನಿಗೆ ಒಂದು ಕೆಲಸ ಸಿಕ್ಕಿದೆ, 17ರ ರೇಟಿಗೆ. ತಮ್ಮ ಗ್ಯಾಂಗಿನ ಆರು ಜನ ಊರಿಗೆ ಹೋಗಿದ್ದರಿಂದ ನಾಲ್ಕು ಜನ ಬಂಗಾಳಿ ಹುಡುಗರನ್ನು ಸೇರಿಸಿಕೊಂಡಿದ್ದಾರೆ. ಮೂರು ವಾರದ ಪಗಾರ ಬಾಕಿ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ಮೇಲಿನ ಆಫೀಸಿಗೇ ಕಳಿಸಬೇಕು ಎಂದು ಯಾರೋ ಹೇಳಿದರಂತೆ. ನನಗೆ ಫೋನು ಬಂತು. ನಾನು ಬರೆಯುವುದಿಲ್ಲ, ನಿಮ್ಮ ಮಗಳಿಗೆ ಹೇಳಿ ಅಂದೆ. ಭಾನುವಾರ ಅವಳು ಎರಡು ಬಸ್ಸು ಬದಲಿಸಿ ಶೆಡ್ಡಿಗೆ ಹೋದಳು. ಹೆಸರು, ಊರು, ದಿನ, ಬಾಕಿ ಅಂತ ನಾಲ್ಕು ಕಾಲಂ ಹಾಕಿ, ಆ ನಾಲ್ವರ ಹೆಸರು ಬಂದಾಗ ಊರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಳಂತೆ.

‘ಊರಿನ ಕಾಲಂ ತೆಗಿ,’ ಅಂದರಂತೆ ಭಾವ. ‘ದಿನ ಬರಿ, ಬಾಕಿ ಬರಿ. ಹೂಂ, ಮತ್ತ ನಮ್ಮವರ ಹೆಸ್ರು ಮ್ಯಾಲ ಇರ್ಲಿ.’

ಅವಳು ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆದಳು. ಹಣ ಇನ್ನೂ ಬಂದಿಲ್ಲ.